ಎಡಚ ರೇಣುಕಪ್ಪ ಹಾಕಿದ ಗಂಟು

ಈ ಮೆಕ್ಯಾನಿಕ್‌ಗಳಿಗೆ ಒಂದು ಚಾಳಿ ಇರುತ್ತದೆ, ನೀವೂ ನೋಡಿರುತ್ತೀರಿ...

ಬಾನೆಟ್ ಎತ್ತಿದ ಕೂಡಲೇ ಮುಖ ಕಿವುಚಿಕೊಂಡು, "ಯಾವನ್ರೀ ಇದಕ್ಕೆ ಕೈ ಹಾಕಿದ್ದು?" ಎನ್ನುತ್ತಾರೆ. ಹಿಂದೆ ರಿಪೇರಿ ಮಾಡಿದವನು ಯಾವಾಗಲೂ ಕತ್ತೆ. ಇವರು ಮಾತ್ರ ಅಪರಂಜಿ!

ತಿಪಟೂರಿನ ರೇಣುಕಪ್ಪ ಈ ಚಾಳಿಯಲ್ಲಿ ಎಲ್ಲರಿಗೂ ಗುರು. ಎಡಗೈಯಲ್ಲೇ ಕೆಲಸ ಮಾಡುತ್ತಿದ್ದುದರಿಂದ ಊರಿಗೆಲ್ಲ ಎಡಚ ರೇಣುಕಪ್ಪ. ಕೈ ಚೊಕ್ಕ... ಬಾಯಿ ಮಾತ್ರ ಕೊಳಕು.

ಅದರಲ್ಲೂ ಮಾಡಿಫೈ ಮಾಡಿಸಿದ ಕಾರು ಕಂಡರೆ ಅವನಿಗೆ ವಾಕರಿಕೆ. ಕಂಪನಿಯವರು ಸರಿಯಾಗಿ ಮಾಡಿಕೊಟ್ಟಿದ್ದನ್ನು ಷೋಕಿಗೆ ಕೆಡಿಸಿಕೊಂಡು, ಆಮೇಲೆ ಅಳುತ್ತಾ ಬರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಬಿಳಿ ಕಾರೊಂದು ಗ್ಯಾರೇಜಿನ ಮುಂದೆ ಬಂದು ನಿಂತಿತು.

ನಿಂತಲ್ಲೇ ಎಂಜಿನ್ ಒಮ್ಮೆ ಗುರ್ರ್ ಎಂದು ಏರುವುದು, ಒಮ್ಮೆ ಉಸಿರು ಕಟ್ಟಿದ ಹಾಗೆ ಇಳಿಯುವುದು... ಕೊನೆಗೆ ಆಫ್ ಆಗಿಯೇ ಹೋಯಿತು.

ಪಕ್ಕದ ಸೀಟಿನಿಂದ ಒಬ್ಬ ಗಂಡಸು ಇಳಿದರು. ಡ್ರೈವರ್ ಸೀಟಿನಲ್ಲಿದ್ದ ಹೆಂಗಸು ಇಳಿಯಲಿಲ್ಲ.

ರೇಣುಕಪ್ಪ ಕಿಟಕಿಯೊಳಗೆ ಇಣುಕಿದ. ಸ್ಟಿಯರಿಂಗ್ ಪಕ್ಕ ಒಂದು ಕಬ್ಬಿಣದ ಲಿವರ್, ಅದರಿಂದ ಪೆಡಲ್‌ಗಳಿಗೆ ಒಂದು ಸರಳು, ಒಂದು ಕೇಬಲ್...

"ಥೂ! ಇದೇನ್ ಕಾರೋ, ಗುಜರಿಯೋ? ಮೊದ್ಲು ಇದನ್ನೆಲ್ಲ ಕಿತ್ತು ಬಿಸಾಕ್ಕೊಂಡ್ ಬನ್ನಿ. ಇಂಥ ಷೋಕಿ ಗಾಡಿ ನಾನು ಮುಟ್ಟಲ್ಲ!"

"ಷೋಕಿ ಅಲ್ಲ ಅಣ್ಣ," ಎಂದರು ಆಕೆ. "ನಂಗೆ ಕಾಲಲ್ಲಿ ಶಕ್ತಿ ಇಲ್ಲ. ಆಕ್ಸಿಲರೇಟರ್, ಬ್ರೇಕ್ ಎರಡೂ ಕೈಯಲ್ಲೇ."

ಆಗ ಕಂಡವು... ಸೀರೆಯಂಚಿನ ಕೆಳಗೆ ಎರಡೂ ಕಾಲಿಗೆ ಕಟ್ಟಿದ ಸ್ಟೀಲ್ ಪಟ್ಟಿಗಳು.

ರೇಣುಕಪ್ಪ ನಾಲಿಗೆ ಕಚ್ಚಿಕೊಂಡ. ಆದರೆ ಸಾರಿ ಎಂದು ಹೇಳಿ ಅಭ್ಯಾಸ ಇರಬೇಕಲ್ಲ!

ಆಕೆಯ ಹೆಸರು ವಿಶಾಲಾಕ್ಷಿ. ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಹನ್ನೊಂದು ವರ್ಷದಿಂದ, ಈಗ ಜೊತೆಗೆ ಬಂದಿದ್ದ ಅವರ ಅಣ್ಣನೇ ದಿನಾ ಬಿಟ್ಟು ಬರುತ್ತಿದ್ದರು.

ಈಗ ಅಣ್ಣನಿಗೆ ಬೀದರ್‌ಗೆ ವರ್ಗವಾಗಿತ್ತು. ಅದಕ್ಕೇ ಆಕೆ ಕ್ಲಚ್ ಇಲ್ಲದ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು, ಲಿವರ್ ಕೂರಿಸಿಕೊಂಡಿದ್ದರು.

"ಇವತ್ತು ಮೂರು ಗಂಟೆಗೆ ಲೈಸೆನ್ಸ್ ಟೆಸ್ಟ್ ಅಣ್ಣ. ಎರಡು ಸಲ ದಿಬ್ಬದ ಮೇಲೆ ಗಾಡಿ ಆಫ್ ಆಗಿ ಫೇಲಾದೆ. ಸೋಮವಾರ ನಮ್ಮಣ್ಣ ಹೊರಟುಬಿಡ್ತಾನೆ... ಇವತ್ತೂ ಆಗ್ಲಿಲ್ಲ ಅಂದ್ರೆ ಕೆಲಸ ಬಿಡೋದೇ."

ಈಗಾಗಲೇ ಮೂರು ಗ್ಯಾರೇಜು ಸುತ್ತಿದ್ದರಂತೆ. ಒಬ್ಬ ಪ್ಲಗ್ ಬದಲಾಯಿಸಿದ, ಇನ್ನೊಬ್ಬ ಅದನ್ನೂ ಇದನ್ನೂ ಕ್ಲೀನ್ ಮಾಡಿದ. ಮೂವರೂ ಹೇಳಿದ್ದು ಒಂದೇ ಮಾತು... "ಎಲ್ಲಾ ಈ ಲಿವರಿಂದಲೇ. ತೆಗೆಸಿ."

ರೇಣುಕಪ್ಪ ಬಾನೆಟ್ ಎತ್ತಿದ. "ಯಾವನ್ರೀ ಇದಕ್ಕೆ ಕೈ ಹಾಕಿದ್ದು?"

ಲಿವರಿನ ಕೇಬಲ್ ಬಿಚ್ಚಿಟ್ಟು ಸ್ಟಾರ್ಟ್ ಮಾಡಿಸಿದ. ಎಂಜಿನ್ ಬಿಸಿಯಾಗುತ್ತಿದ್ದಂತೆ ಅದೇ ಓಲಾಟ. ಅಂದರೆ ಲಿವರಿನ ತಪ್ಪಲ್ಲ... ಎಲ್ಲಿಂದಲೋ ಎಂಜಿನ್ನಿನೊಳಗೆ ಕಳ್ಳಗಾಳಿ ನುಗ್ಗುತ್ತಿದೆ!

ಒಂದೊಂದೇ ಪೈಪಿನ ಮೇಲೆ ಕ್ಲೀನರ್ ಸ್ಪ್ರೇ ಹೊಡೆಯುತ್ತಾ ಬಂದ. ಹಿಂಬದಿಯ ಒಂದು ಪೈಪಿಗೆ ಹೊಡೆದಾಗ ಎಂಜಿನ್ ಸದ್ದು ತಟ್ಟನೆ ಬದಲಾಯಿತು. ಗಾಳಿ ನುಗ್ಗುತ್ತಿದ್ದುದು ಅಲ್ಲಿಂದಲೇ!

ಟಾರ್ಚ್ ಬಿಟ್ಟು ನೋಡಿದ. ಒಡೆದ ಪೈಪಿಗೆ ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದಿದ್ದರು. ಕಾವಿಗೆ ಟ್ಯೂಬು ಸೀಳಿಹೋಗಿತ್ತು.

"ಥೂ, ಇವನ ಜನ್ಮಕ್ಕಿಷ್ಟು! ಸೈಕಲ್ ಟ್ಯೂಬ್ ಸುತ್ತವ್ನೆ! ಅನ್ನ ತಿನ್ನೋನು ಮಾಡೋ ಕೆಲಸವಾ ಇದು? ಇಂಥೋನ ಕೈ ಮುರೀಬೇಕು!"

"ಹೋಗ್ಲಿ ಬಿಡಿ ಅಣ್ಣ," ಎಂದರು ವಿಶಾಲಾಕ್ಷಿ. "ಪಾಪ, ಅವರಿಗೂ ಅವತ್ತು ಏನ್ ಅವಸರ ಇತ್ತೋ..."

ರೇಣುಕಪ್ಪ ಗೊಣಗುತ್ತಲೇ ತಂತಿ ಬಿಚ್ಚತೊಡಗಿದ.

ನೋಡದೆಯೇ ಬೆರಳುಗಳು ಸರಾಗವಾಗಿ ತಿರುಗಿದವು. ಮೂರು ಸುತ್ತು. ತುದಿ ಕೈಗೆ ಚುಚ್ಚದಂತೆ ಒಳಕ್ಕೆ ಮಡಚಿತ್ತು. ಸುತ್ತಿದ್ದು... ಎಡಕ್ಕೆ.

ತಿಪಟೂರಿನಲ್ಲಿ ತಂತಿಯನ್ನು ಎಡಕ್ಕೆ ಸುತ್ತುವ ಮೆಕ್ಯಾನಿಕ್ ಒಬ್ಬನೇ.

ನೆನಪಾಯಿತು. ನಾಲ್ಕು ವರ್ಷದ ಹಿಂದೆ ಇದೇ ಕಾರು, ಬೇರೆ ಓನರ್. ಅವತ್ತು ಮದುವೆಮನೆಯ ಹೋಳಿಗೆ ಊಟಕ್ಕೆ ಹೊತ್ತಾಗುತ್ತಿತ್ತು. "ನಡೆಯುತ್ತೆ ಬಿಡು" ಎಂದು ಟ್ಯೂಬ್ ಸುತ್ತಿ ಕಳಿಸಿದ್ದ. ಓನರ್‌ಗೆ ಹೇಳಿಯೂ ಇರಲಿಲ್ಲ.

ತನ್ನ ಕೈ ಕಂಡು ತನಗೇ ಅಸಹ್ಯವಾಯಿತು.

ಮುಚ್ಚಿಡಬಹುದಿತ್ತು. ತಂತಿ ಜೇಬಿಗೆ ಹಾಕಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಕಿಕೊಂಡ ಕೂಡ... ಆಮೇಲೆ ಹೊರತೆಗೆದು, ಕಿಟಕಿಯ ಹತ್ತಿರ ಹೋಗಿ ನಿಂತ.

"ಅಮ್ಮಾ... ಈ ಗಂಟು ನಂದೇ. ಆ ಕೊಳಕು ಕೆಲಸ ಮಾಡಿದೋನು ನಾನೇ."

ವಿಶಾಲಾಕ್ಷಿ ಆ ತಂತಿಯನ್ನು ಕೈಗೆ ತೆಗೆದುಕೊಂಡರು. ಕಣ್ಣು ತುಂಬಿ ಬಂತು.

"ಎರಡು ಸಲಾನೂ ಮನೆಗೆ ಹೋಗಿ ಅತ್ತಿದ್ದೆ ಅಣ್ಣ... ನನ್ನ ಕೈಯಲ್ಲೇ ಏನೋ ದೋಷ ಅಂದ್ಕೊಂಡು."

ಜನ್ಮದಲ್ಲಿ ಯಾರಿಗೂ ತಲೆ ತಗ್ಗಿಸದ ರೇಣುಕಪ್ಪ ಗಳಗಳನೆ ಅತ್ತುಬಿಟ್ಟ.

ಆಕೆ ಕಣ್ಣೊರೆಸಿಕೊಂಡರು. "ಸಾಕು, ಅಳ್ಬೇಡಿ. ಆ ಕೈ ಮಾತ್ರ ಮುರ್ಕೋಬೇಡಿ ಅಣ್ಣ... ಮೂರು ಗಂಟೆವರೆಗೆ ನಂಗೆ ಬೇಕು ಅದು!"

ಈ ಸಲ ಅವನು ಊಟಕ್ಕೆ ಏಳಲಿಲ್ಲ. ತಾನೇ ಅಂಗಡಿಗೆ ಓಡಿ ಹೊಸ ಪೈಪು ತಂದು, ಸರಿಯಾದ ಕ್ಲಿಪ್ ಹಾಕಿ ಕೂರಿಸಿದ. ಅರ್ಧ ಗಂಟೆ ಬಿಸಿ ಮಾಡಿ ನೋಡಿದ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು.

ನಾಲ್ಕೂವರೆಗೆ ಗ್ಯಾರೇಜಿನ ಮುಂದೆ ಹಾರನ್ ಕೇಳಿಸಿತು. ವಿಶಾಲಾಕ್ಷಿ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ಎತ್ತಿ ತೋರಿಸಿದರು. ಪಾಸ್!

ಮಾರನೇ ದಿನ ಇನ್ನೊಂದು ಕಾರು ಬಂತು. ರೇಣುಕಪ್ಪ ಬಾನೆಟ್ ಎತ್ತಿದ. "ಯಾವನ್ರೀ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

ಮೊದಲು, ಒಳಗೆ ಯಾರೋ ಬಿಗಿದಿದ್ದ ತಂತಿ ಯಾವ ಕಡೆಗೆ ಸುತ್ತಿದೆ ಎಂದು ನೋಡಿದ.

*

ಬೇರೆಯವರ ಕೆಲಸಕ್ಕೆ ಥೂ ಎನ್ನುವ ಮೊದಲು, ಅದರಲ್ಲಿ ನಮ್ಮ ಕೈ ಇದೆಯಾ ಎಂದು ನೋಡಿಕೊಳ್ಳೋಣ.

"ನಡೆಯುತ್ತೆ ಬಿಡು" ಎಂದು ನೀವು ಸುತ್ತಿ ಕಳಿಸಿದ ಗಂಟು, ಇವತ್ತು ಯಾರ ದಾರಿಯಲ್ಲಿ ಬಿಚ್ಚಿಕೊಳ್ಳುತ್ತಿದೆಯೋ... ಯೋಚಿಸಿದ್ದೀರಾ?