ಕಂಕುಳಲ್ಲಿ ಬಿಗಿ

"ನಾಯಕಿಯ ಯುದ್ಧದ ಉಡುಪಿಗೆ ಹತ್ತಕ್ಕೆ ಹತ್ತು. ಹೊಲಿಗೆ ಅಂದ್ರೆ ಇದು," ಎಂದು ಧಾರಾವಾಹಿಯ ಕೆಳಗೆ ಯಾರೋ ಬರೆದದ್ದನ್ನು ಸೊಸೆ ಫೋನು ನೋಡಿ ಓದಿದಳು. ಕುರ್ಚಿಗೆ ಒರಗಿದ್ದ ಅತ್ತೆಯ ಗಂಟಲಿನಿಂದ ಏನೋ ಸದ್ದು ಬಂತು. ಕೆಮ್ಮಿರಬೇಕು ಎಂದುಕೊಂಡು ಅವಳು ಮುಂದಿನ ಅಭಿಪ್ರಾಯಕ್ಕೆ ಬೆರಳು ಸರಿಸಿದಳು. ಅತ್ತೆ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, "ಅಲ್ಲ," ಎಂದರು.

ಏಳು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅತ್ತೆಯ ಬಲಗೈ ಬಿದ್ದುಹೋಗಿತ್ತು, ಅದರ ಜೊತೆಗೆ ಮಾತೂ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮಾತು ಕಲಿಸುವ ಡಾಕ್ಟರಮ್ಮ ವಾರಕ್ಕೆರಡು ಸಲ ಮನೆಗೆ ಬಂದು ಲೋಟ, ಬಾಚಣಿಗೆ, ಬೀಗದ ಕೈಗಳ ಚಿತ್ರ ತೋರಿಸಿ ಇದೇನು, ಇದೇನು ಎಂದು ಕೇಳುತ್ತಿದ್ದರು. ನಲವತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿ ನಾಲ್ಕು ಮಿಷನ್ನುಗಳನ್ನೂ ಅವುಗಳ ಮುಂದೆ ಕೂತವರನ್ನೂ ಹದ್ದುಬಸ್ತಿನಲ್ಲಿ ಇಟ್ಟಿದ್ದ ಹೆಂಗಸು, ಲೋಟವನ್ನು ಲೋಟ ಎನ್ನುವ ಈ ಪರೀಕ್ಷೆಗೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಹೋದ ತಿಂಗಳು ಡಾಕ್ಟರಮ್ಮ ಬಾಗಿಲಾಚೆ ನಿಂತು, ಬರುವಷ್ಟು ಬಂದಿದೆ, ಇನ್ನು ಹೆಚ್ಚಿನ ಆಸೆ ಬೇಡ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋಗಿದ್ದರು.

ಆ ಮಾತು ಮಗನಿಗಿಂತ ಸೊಸೆಗೇ ಹೆಚ್ಚು ಚುಚ್ಚಿತ್ತು. ಅವಳು ಮನೆಗೆ ಬಂದ ದಿನದಿಂದ ಉಪ್ಪು ಹೆಚ್ಚಾದರೂ ಅತ್ತೆಯದೊಂದು ಮಾತು, ಕಡಿಮೆಯಾದರೂ ಒಂದು ಮಾತು. ಸರಿಯಾಗಿದ್ದರೆ ಅದು ಹೇಗೆ ಸರಿಯಾಯಿತು ಎಂದು ಇನ್ನೊಂದು. ಈ ಬಾಯಿ ಒಂದು ದಿನವಾದರೂ ಮುಚ್ಚಬಾರದೇ ಎಂದು ಅವಳು ಪಾತ್ರೆ ತಿಕ್ಕುತ್ತ ಎಷ್ಟೋ ಸಲ ಅಂದುಕೊಂಡಿದ್ದಳು. ಅದನ್ನು ಈಗ ಯಾರ ಹತ್ತಿರ ಹೇಳಿಕೊಳ್ಳುವುದು?

ಕನ್ನಡಕ್ಕೆ ಡಬ್ ಆಗಿದ್ದ ಚೀನಾದ ಆ ಧಾರಾವಾಹಿ ಮನೆಯೊಳಗೆ ಬಂದದ್ದು ಹೊತ್ತು ಹೋಗಲಿ ಎಂದು. ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ ಮಧ್ಯಾಹ್ನ ಬರುವಳು, ಗಂಡ ಎರಡನೇ ಪಾಳಿಗೆ ಹೊರಡುವನು. ಆಮೇಲೆ ಅತ್ತೆ, ಸೊಸೆ, ಫೋನು. ದೇವಲೋಕದ ಒಬ್ಬ ಸೇನಾಪತಿ. ಅವನಿಗಾಗಿ ಮೂರು ಜನ್ಮ ಎತ್ತಿ ಬರುವ, ಬೇರುನಾರು ಮಾರುವ ಹುಡುಗಿ. ಮೂರು ಜನ್ಮದಲ್ಲೂ ಅವಳ ಗುರುತೇ ಸಿಗದ ಅವನ ಪೆದ್ದುತನ. ಕಂತು ಮುಗಿದ ಮೇಲೆ ಅದರ ಕೆಳಗೆ ಜನ ಬರೆದದ್ದನ್ನು ಸೊಸೆ ಗಟ್ಟಿಯಾಗಿ ಓದುವಳು. ಅಷ್ಟು ಹೊತ್ತಾದರೂ ಮನೆಯಲ್ಲಿ ನಾಲ್ಕು ಜನ ಮಾತಾಡಿದ ಹಾಗಿರುತ್ತಿತ್ತು. ಒಬ್ಬರಿಗೆ ಸೇನಾಪತಿಯ ಕಣ್ಣೊಂದಿದ್ದರೆ ಸಾಕು, ಕತೆಯೇ ಬೇಡ. ಇನ್ನೊಬ್ಬರಿಗೆ ಮೂವತ್ತನೇ ಕಂತಿನಿಂದ ಈಚೆಗೆ ಬರೀ ಎಳೆದಾಟ. ಮತ್ತೊಬ್ಬರು, ಇವನಿಗಿಂತ ಆ ಖಳನೇ ವಾಸಿ, ಹುಡುಗಿಯನ್ನು ಅವನಿಗೇ ಕೊಟ್ಟು ಮುಗಿಸಿ ಎಂದು ಬೇಡಿಕೊಂಡಿದ್ದರು. ಅತ್ತೆ ಕೆಲವಕ್ಕೆ ಹುಬ್ಬೇರಿಸುವರು, ಅಷ್ಟೇ.

ಈಗ ಹಿಡಿದ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

"ಏನು ಅಲ್ಲ, ಅತ್ತೆ?"

ಅತ್ತೆಯ ತುಟಿ ಎರಡು ಸಲ ತೆರೆದು ಎರಡು ಸಲವೂ ಬರಿದೇ ಮುಚ್ಚಿಕೊಂಡಿತು. ಎಡಗೈಯನ್ನು ಬಲತೋಳಿನ ಬುಡಕ್ಕೆ ಒತ್ತಿ ತೋರಿಸಿದರು. "ಕಂಕುಳು... ಬಿಗಿ." ಉಸಿರು ಎಳೆದುಕೊಂಡರು. "ಕತ್ತಿ ಎತ್ತಕ್ಕೆ... ಆಗಲ್ಲ ಅವಳಿಗೆ."

ಸೊಸೆ ಯುದ್ಧದ ದೃಶ್ಯವನ್ನು ಮತ್ತೆ ಹಾಕಿದಳು. ನಾಯಕಿ ಕತ್ತಿ ಎತ್ತಿದಾಗಲೆಲ್ಲ ಇಡೀ ಮೇಲಂಗಿ ಸೊಂಟದಿಂದ ಎದ್ದು ಬರುತ್ತಿತ್ತು. ಸಾವಿರಾರು ಜನ ಆಹಾ ಎಂದಿದ್ದರು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳಿಗೆ ನಗು ಬಂತು, ಆಮೇಲೆ ಪರದೆ ಮಸುಕಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಂದ ಮಾತು ಎಲ್ಲಿ ಹೆದರಿ ಓಡಿಹೋಗುತ್ತದೋ ಎಂದು, ಏನೂ ಆಗದವಳ ಹಾಗೆ, ಹಾಗಾದರೆ ಹೇಗೆ ಹೊಲಿಯಬೇಕಿತ್ತು ಎಂದು ಕೇಳಿದಳು. ಸಡಿಲ ಸಿಗಲು ಕಂಕುಳಿಗೆ ಒಂದು ಚೌಕದ ಬಟ್ಟೆಯ ತುಂಡು ಕೊಡಬೇಕಿತ್ತು ಎಂಬ ಉತ್ತರ ಹೊರಬೀಳಲು ಹತ್ತು ನಿಮಿಷ ಹಿಡಿಯಿತು. ಅದನ್ನು ಹಾಗೇ, 'ನಮ್ಮತ್ತೆ ಹೇಳಿದ್ದು' ಎಂದು ಸೇರಿಸಿ, ಎಲ್ಲರ ಅಭಿಪ್ರಾಯಗಳ ಕೆಳಗೆ ಬರೆದಳು.

ಮಾರನೆಯ ದಿನ ಡಾಕ್ಟರಮ್ಮ ಬಂದಾಗ ಅತ್ತೆ ಸೇನಾಪತಿಯ ಕಾಲರಿನ ಬಗ್ಗೆ ಮೂರು ಮಾತು ಆಡಿದರು. ಡಾಕ್ಟರಮ್ಮ ಲೋಟ, ಬಾಚಣಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡರು. ಹೋದ ತಿಂಗಳು ನಾನು ಹೇಳಿದ್ದನ್ನು ಮರೆತುಬಿಡಿ ಎಂದು ಸೊಸೆಗೆ ಹೇಳಿದರು. ಹೊರಡುವಾಗ, ಇದು ಎಷ್ಟನೇ ಕಂತು ಎಂದು ಕೇಳಿ ಬರೆದುಕೊಂಡರು.

ಸಂಜೆ ಸೊಸೆ ಫೋನು ತೆರೆದಳು. ಅವಳು ಬರೆದದ್ದರ ಕೆಳಗೆ ಯಾರೋ ಉತ್ತರ ಕೊಟ್ಟಿದ್ದರು. ಓದಲೋ ಬೇಡವೋ ಎಂದು ಸ್ವಲ್ಪ ಹೊತ್ತು ಅನುಮಾನಿಸಿದಳು. ಕೊನೆಗೆ ಓದಿಯೇಬಿಟ್ಟಳು.

"ಗೊತ್ತಿಲ್ಲದೆ ಬಾಯಿ ಹಾಕಬೇಡಿ. ನಿಮ್ಮತ್ತೆಗೆ ಸೂಜಿಗೆ ದಾರ ಪೋಣಿಸಕ್ಕಾದ್ರೂ ಬರುತ್ತಾ?"

ಅತ್ತೆಯ ಮುಖ ಕೆಂಪಗಾಯಿತು. ಎಡಗೈಯನ್ನು ಕುರ್ಚಿಯ ತೋಳಿಗೆ ಊರಿ, ಏಳು ತಿಂಗಳಲ್ಲಿ ಮೊದಲ ಸಲ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂತರು. ಮುಖ ಕಾಣದ, ಹೆಸರು ತಿಳಿಯದ ಆ ಒರಟು ಮನುಷ್ಯನಿಗೆ ಸೊಸೆ ಮನಸ್ಸಿನಲ್ಲೇ ಕೈಮುಗಿದಳು.

"ಬರ್ಕೋ," ಎಂದರು ಅತ್ತೆ. "ನಿಧಾನ... ಹೇಳ್ತೀನಿ. ಒಂದಕ್ಷರಾನೂ... ಬಿಡಬೇಡ."