ಎದೆಬಡಿತದ ಪರೀಕ್ಷೆ

ಅನ್ಸು ಮತ್ತೊಮ್ಮೆ ಕೆಳಗಿಳಿದು, ಮತ್ತೊಮ್ಮೆ ಮೆಟ್ಟಿಲು ಓಡಿ ಹತ್ತಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟು ಸಾಲದು. ಇನ್ನೂ ಕೆಟ್ಟದಾಗಿ ಹೊಡೆದುಕೊಳ್ಳಬೇಕು.

ಪುತ್ತೂರಿನ ಆ ಕ್ಲಿನಿಕ್ಕಿನ ಬಾಗಿಲಲ್ಲಿ ಅಂಟಿಸಿದ್ದನ್ನು ಅವಳು ಬಂದ ಕೂಡಲೇ ಓದಿದ್ದಳು: ‘ವ್ಯಕ್ತಿತ್ವದ ಕಾಯಿಲೆ ಮತ್ತು ಎದೆಬಡಿತದ ಏರಿಳಿತ: ಅಧ್ಯಯನ.’ ಓದಿದ್ದೇ ಮೈಯೆಲ್ಲ ಉರಿದಿತ್ತು.

ಹಿಂದೊಮ್ಮೆ ಹೆಣ್ಣು ನೋಡಲು ಬಂದವನೊಬ್ಬ, ಹುಡುಗಿ ಇಷ್ಟು ಜೋರಾಗಿ ನಗಬಾರದು ಎಂದಿದ್ದ. ಅವಳು ಅವನ ಕೈಯಲ್ಲಿದ್ದ ಕಾಫಿ ಲೋಟ ಕಿತ್ತುಕೊಂಡು ಒಳಗೆ ಹೋಗಿದ್ದಳು. ಅಂದಿನಿಂದ ಕಡಬದಿಂದ ನೆಲ್ಯಾಡಿವರೆಗೆ ಒಂದೇ ಮಾತು: ಆ ಹುಡುಗಿಗೆ ತಲೆ ಸರಿ ಇಲ್ಲ. ಈಗ ಷಿಂಟೋ ಎಂಬವನ ಸಂಬಂಧ ಬಂದಿತ್ತು. ನಿಶ್ಚಯಕ್ಕೆ ದಿನ ನೋಡುವ ಹೊತ್ತಿಗೆ ಅಮ್ಮ ಕುಂಜಮ್ಮ ತಲೆ ತಗ್ಗಿಸಿ ಮಗಳಿಗೆ ಹೇಳಿದ್ದಳು, “ಹುಡುಗ ಒಂದೇ ಒಂದು ಕೇಳಿದ್ದಾನೆ, ಮೋಳೆ. ಪುತ್ತೂರಲ್ಲಿ ಎಂತದೋ ಎದೆಬಡಿತದ ಪರೀಕ್ಷೆ ಉಂಟಂತೆ. ನೀನು ಒಮ್ಮೆ ಬರಬೇಕಂತೆ.”

ನನ್ನ ತಲೆ ಸರಿ ಇದೆಯೇ ಎಂದು ನೋಡಲು ಕರೆಸಿದ್ದಾನೆ. ನೋಡಲಿ, ಹುಚ್ಚಿ ಎಂದು ಬರೆಸಿಕೊಂಡೇ ಹೋಗುತ್ತೇನೆ. ಆಮೇಲೆ ಈ ಮದುವೆಯೂ ಬೇಡ, ಇವನೂ ಬೇಡ.

ಷಿಂಟೋ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ನರ್ಸ್ ಅವನನ್ನು ಹೆಸರು ಹಿಡಿದು ಕರೆದು, ಅನ್ಸುವನ್ನು ಒಳಗೆ ಕಳಿಸಲು ಹೇಳಿದಳು.

“ಹೆದರುದು ಬೇಡ,” ಅಂದ ಅವನು. “ಎದೆಗೆ ಪಟ್ಟಿ ಕಟ್ಟುವಾಗ ಸ್ವಲ್ಪ ತಣ್ಣಗಾಗ್ತದೆ, ಅಷ್ಟೇ.”

“ಹೆದರಬೇಕಾದ್ದು ನಾನಲ್ಲ,” ಎಂದು ಅವಳು ಒಳಗೆ ನುಗ್ಗಿದಳು.

ಡಾಕ್ಟರ್ ಅನಘಾ ತಲೆಯೆತ್ತಿದರು. “ಎಂತ, ಓಡಿ ಬಂದಿರಾ?”

“ನಾನು ಇರುವುದೇ ಹೀಗೆ. ಸಿಟ್ಟು ಬಂದರೆ ಕಣ್ಣು ಕಾಣುದಿಲ್ಲ. ಬರೆದುಕೊಳ್ಳಿ.”

ಅನಘಾ ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟರು. “ಮೊದಲು ಕೇಳಿ, ಆಮೇಲೆ ಬೇಕಾದರೆ ಒಪ್ಪಿ. ಎದೆಬಡಿತ ಉಸಿರಿನೊಟ್ಟಿಗೆ ಸ್ವಲ್ಪ ಏರ್ತದೆ, ಇಳೀತದೆ. ಈ ಕಾಯಿಲೆ ಇರುವ ಕೆಲವರಲ್ಲಿ ಆ ಏರಿಳಿತ ಕಡಿಮೆ ಇರಬಹುದು. ಕಾಯಿಲೆ ಇರುವವರು, ಇಲ್ಲದವರು, ಹೀಗೆ ಎರಡು ಗುಂಪಿನವರನ್ನು ಹೋಲಿಸಿ ನೋಡುದು, ಅಷ್ಟೇ. ಇದೊಂದರಿಂದ ಯಾರಿಗೂ ಕಾಯಿಲೆ ಉಂಟು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಓಡಿ ಬಂದ ಎದೆಯಂತೂ ನಿಮ್ಮ ಗುಂಪಿಗೆ ಆಗುದೇ ಇಲ್ಲ.”

“ನನ್ನದು ಯಾವ ಗುಂಪು?”

“ಆರೋಗ್ಯವಂತರದ್ದು.”

“ಹಾಗಾದರೆ... ನನ್ನನ್ನು ಯಾಕೆ ಕರೆಸಿದ್ದು?”

ಅನಘಾ ಬಾಗಿಲ ಕಡೆ ನೋಡಿದರು. ಹಿಂದೆ ಬಾಗಿಲು ತೆರೆದ ಸದ್ದಾಯಿತು. ಷಿಂಟೋ ಒಳಗೆ ಬಂದು ನಿಂತ. ಅಂದು ಮೊದಲ ಸಲ ಅವಳ ಮುಖ ನೋಡಿದ.

“ಇನ್ನೊಂದು ಗುಂಪಿನವ ನಾನು, ಅನ್ಸು. ನಮ್ಮ ಮನೆಯವರು ಇದನ್ನು ಮುಚ್ಚಿಟ್ಟಿದ್ದಾರೆ. ಮದುವೆಗೆ ಒಪ್ಪುವ ಮೊದಲು ನಿಮಗೆ ಗೊತ್ತಾಗ್ಬೇಕಿತ್ತು.”