ಬೇಲಿಯಾಚೆಯ ಅರ್ಜಿ

೨೦೩೧ರ ಮಾರ್ಚ್ ೧೪, ಸಂಜೆ ೪ ಗಂಟೆ ೧೦ ನಿಮಿಷ. ಅತಿವೇಗದ ರೈಲುಮಾರ್ಗದ ಎರಡೂ ಬದಿಗೆ ಎತ್ತರದ ಬೇಲಿ ಹಾಕಿಯಾಗಿತ್ತು. ಆಚೆ ಊರು, ಈಚೆ ಶಾಲೆ, ನಡುವೆ ಇಪ್ಪತ್ತು ಮೀಟರು. ಕೆಳಸೇತುವೆ ಬೇಕೆನ್ನುವವರು ಅಂದು ಐದು ಗಂಟೆಯೊಳಗೆ ಅರ್ಜಿ ಕೊಡಬೇಕಿತ್ತು. ಅರ್ಜಿ ಪಡೆಯುವ ಅಧಿಕಾರಿ ಶಾಲೆಯ ಮುಂದೆ ಮೇಜು ಹಾಕಿಕೊಂಡು ಕುಳಿತಿದ್ದರು. ಆಚೆ ಬೇಲಿಯ ಹಿಂದೆ ಹೆಂಗಸೊಬ್ಬಳು ಕಾಗದ ಹಿಡಿದು ನಿಂತಿದ್ದಳು.

"ಸಾರ್, ಊರೋರೆಲ್ಲಾ ಸಹಿ ಹಾಕವ್ರೆ. ಮಕ್ಕಳು ಇಸ್ಕೂಲಿಗೆ ಬರೋಕೆ ದಾರಿ ಬೇಕು."

"ಸುತ್ತಿಕೊಂಡು ಬಂದು ಕೊಡಮ್ಮ."

"ಕಲ್ಲಿಗೆ ಸುತ್ತಿ ಎಸೀಲಾ?"

"ಹಳಿಯ ಮೇಲೆ ಏನೂ ಎಸೆಯುವ ಹಾಗಿಲ್ಲ. ಸುರಕ್ಷತೆಯ ನಿಯಮ."

"ಸುತ್ತಿ ಬಂದ್ರೆ ಎಷ್ಟು ದೂರ ಗೊತ್ತಾ ಸಾರ್?"

"ನಕ್ಷೆಯಲ್ಲಿ ಹತ್ತಿರವೇ ಇದೆಯಲ್ಲ."

"ಹಂಗಾರೆ ನೀವೇ ಬಂದು ಇಸ್ಕೊಳಿ. ನಿಮ್ಗೆ ಜೀಪೈತೆ."

ಅಧಿಕಾರಿ ನಕ್ಕು ಜೀಪು ಹತ್ತಿದರು. ದೂರದ ಮೇಲ್ಸೇತುವೆ ದಾಟಿ, ಹಳ್ಳಿಯ ರಸ್ತೆಗಳಲ್ಲಿ ಹಿಂದಿರುಗಿ ಅವಳೆದುರು ಇಳಿದರು. ಅರ್ಜಿ ತೆಗೆದುಕೊಂಡು ಗಡಿಯಾರ ನೋಡಿದರು. ಅದರ ಮೇಲೆ ಬರೆದರು: "೫ ಗಂಟೆ ೩ ನಿಮಿಷಕ್ಕೆ ಸ್ವೀಕರಿಸಿದೆ. ಅವಧಿ ಮೀರಿದ್ದರಿಂದ ತಿರಸ್ಕರಿಸಿದೆ."

ಆಮೇಲೆ ಜೀಪಿನ ಲಾಗ್‌ಬುಕ್ ತೆರೆದು ತುಂಬಿದರು: "ಅರ್ಜಿ ಪಡೆಯಲು ಪ್ರಯಾಣ, ೨೩.೬ ಕಿಲೋಮೀಟರ್."